ಆಳು ಅಧಿಕಾರಿಯಾದಾಗ: ಸೈನಿಕ ವೃತ್ತಿಯಲ್ಲಿ ಅನುಭವ, ಬಡ್ತಿ ಮತ್ತು ನಾಯಕತ್ವ

ಕನ್ನಡದಲ್ಲಿ ‘ಆಳು’ ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ನಾಮಪದವಾಗಿ ಅದು ಸೇವಕ, ಕೂಲಿಯವ, ಸೈನಿಕ ಎಂಬ ಅರ್ಥಗಳನ್ನು ಕೊಡುತ್ತದೆ. ‘ಕಾಲಾಳು’ ಎಂಬಲ್ಲಿ ಈ ಅರ್ಥ ಇಂದಿಗೂ ಉಳಿದಿದೆ. ಕ್ರಿಯಾಪದವಾಗಿ ಅದೇ ಶಬ್ದ ಒಡೆತನ ನಡೆಸುವುದನ್ನು, ರಾಜ್ಯವಾಳುವುದನ್ನು ಸೂಚಿಸುತ್ತದೆ. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆ ಈ ಎರಡು ಮುಖಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದೆ. ಆಜ್ಞೆ ಪಾಲಿಸಿದ ಅನುಭವವೇ ಆಜ್ಞೆ ಮಾಡುವ ಅರ್ಹತೆಗೆ ಮೂಲ ಎಂಬುದು ಈ ಗಾದೆಯ ತಾತ್ಪರ್ಯ. ಆದರೆ ಸಂಘಟಿತ ಸೈನ್ಯಗಳ ಇತಿಹಾಸವನ್ನು ನೋಡಿದರೆ, ಜನಪದರು ಸಹಜವೆಂದು ಭಾವಿಸಿದ ಈ ನಡೆಗೆ ಬಹುಕಾಲ ಬಾಗಿಲು ಮುಚ್ಚಿತ್ತೆಂಬುದು ತಿಳಿಯುತ್ತದೆ. ಸಾಮಾನ್ಯ ಸಿಪಾಯಿಯಾಗಿ ಸೇರಿದವನು ಅಧಿಕಾರಿಯಾಗುವ ದಾರಿ ಭಾರತೀಯ ಸೇನೆಯಲ್ಲಿ ಹೇಗೆ ರೂಪುಗೊಂಡಿತು, ಆ ದಾರಿಯಲ್ಲಿ ಬಂದವನು ತನ್ನೊಡನೆ ಏನನ್ನು ತರುತ್ತಾನೆ, ಏನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ವೃತ್ತಿ ಜಾನಪದದ ನೆಲೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೀರಗಲ್ಲಿನ ಗೌರವ ಮತ್ತು ಬಡ್ತಿಯ ಗೌರವ

ಕರ್ನಾಟಕದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳ ಶಿಲ್ಪವಿರುತ್ತದೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ದೇವಸಾನ್ನಿಧ್ಯ. ಇಲ್ಲಿಯೂ ಒಂದು ಏರಿಕೆಯಿದೆ. ಆದರೆ ಅದು ಮರಣದ ಮೂಲಕ ಸಾಧ್ಯವಾಗುವ ಏರಿಕೆ. ಮಡಿದವನ ಕುಟುಂಬಕ್ಕೆ ‘ನೆತ್ತರುಗೊಡಗೆ’ಯಾಗಿ ಭೂಮಿ ದೊರೆಯುತ್ತಿತ್ತು. ಬದುಕಿ ಉಳಿದ ವೀರನಿಗೆ ಒಡೆಯನ ಮೆಚ್ಚುಗೆಯೇ ಆಧಾರ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ ಇದಕ್ಕೊಂದು ಪ್ರಸಿದ್ಧ ನಿದರ್ಶನ. ತಕ್ಕೋಲದ ಯುದ್ಧದ ನಂತರ ಗಂಗ ಬೂತುಗನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಮಣಲೆರನು ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮೆಚ್ಚುಗೆ ಒಡೆಯನ ಇಚ್ಛೆಗೆ ಸೇರಿದ್ದು. ಸೇವೆಯ ಅವಧಿಗೂ ಅದಕ್ಕೂ ನಿಯತವಾದ ಸಂಬಂಧವಿರಲಿಲ್ಲ.

ಇಂಥ ವ್ಯವಸ್ಥೆಯಲ್ಲಿ ಸಾಮರ್ಥ್ಯವುಳ್ಳವನು ಅತಿ ಎತ್ತರಕ್ಕೇರುವ ಅವಕಾಶವೂ ಇತ್ತು. ಮೈಸೂರಿನ ಸೈನ್ಯದಲ್ಲಿ ಸಣ್ಣ ಹುದ್ದೆಯಿಂದ ಆರಂಭಿಸಿದ ಹೈದರ್ ಅಲಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಗಮನ ಸೆಳೆದು, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ, ಮುಂದೆ ರಾಜ್ಯದ ಸೂತ್ರವನ್ನೇ ಹಿಡಿದನು. ಓದುಬರಹ ಬಾರದಿದ್ದುದು ಅವನಿಗೆ ತಡೆಯಾಗಲಿಲ್ಲ. ‘ಹೈದರ್ ನಾಯಕ’ ಎಂಬ ಹೆಸರಿನಲ್ಲಿರುವ ‘ನಾಯಕ’ ಶಬ್ದವೇ ಕಂಪನಿಯ ಸೈನ್ಯದಲ್ಲಿ ಹವಾಲ್ದಾರನಿಗಿಂತ ಕೆಳಗಿನ ‘ನಾಯಕ್’ ಪದವಿಯಾಗಿ ಕುಗ್ಗಿತೆಂಬುದು ಗಮನಾರ್ಹ. ಪ್ರಾಂತ್ಯಾಧಿಪತಿಯನ್ನು ಸೂಚಿಸುತ್ತಿದ್ದ ‘ಸುಬೇದಾರ’ ಶಬ್ದ ಸಿಪಾಯಿಗಳ ಒಂದು ತುಕಡಿಯ ಮುಖ್ಯಸ್ಥನಿಗೆ ಸೀಮಿತವಾಯಿತು. ಹಳೆಯ ಅಧಿಕಾರಸೂಚಕ ಶಬ್ದಗಳು ಉಳಿದವು, ಅವುಗಳೊಳಗಿದ್ದ ಅಧಿಕಾರ ಇಳಿಯಿತು. ಉತ್ತರ ಕರ್ನಾಟಕದ ಹವಾಲ್ದಾರ, ಜಮಾದಾರ, ಸುಬೇದಾರ ಮುಂತಾದ ಅಡ್ಡಹೆಸರುಗಳು ಈ ಶಬ್ದಗಳಿಗಿದ್ದ ಸಾಮಾಜಿಕ ಮನ್ನಣೆಯನ್ನು ಇಂದಿಗೂ ಕಾಪಾಡಿಕೊಂಡಿವೆ.

ತಡವಾಗಿ ಬಂದ ಬಡ್ತಿ: ಸೀತಾರಾಮನ ಕಥನ

ಕಂಪನಿ ಸೈನ್ಯದ ಸಿಪಾಯಿಯ ಬದುಕನ್ನು ಅವನದೇ ಮಾತಿನಲ್ಲಿ ಹೇಳುವುದಾಗಿ ಪ್ರಸಿದ್ಧವಾದ ಕೃತಿ ಸೀತಾರಾಮ ಪಾಂಡೆಯ ಆತ್ಮಕಥನ. ಇದರ ಮೂಲ ಹಸ್ತಪ್ರತಿ ದೊರೆತಿಲ್ಲ. ನಾರ್ಗೇಟ್ ಎಂಬ ಅಧಿಕಾರಿ ಮಾಡಿದ ಇಂಗ್ಲಿಷ್ ಅನುವಾದದ 1873ರ ಮುದ್ರಣ ಪ್ರಚಾರದಲ್ಲಿದೆ. ಕೃತಿ ಎಷ್ಟರಮಟ್ಟಿಗೆ ಸೀತಾರಾಮನದು, ಎಷ್ಟರಮಟ್ಟಿಗೆ ಅನುವಾದಕನದು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದಾಗ್ಯೂ ಸಿಪಾಯಿಗಳ ನಡುವೆ ಹರಿದಾಡುತ್ತಿದ್ದ ಅನುಭವಗಳ ಸಂಗ್ರಹವಾಗಿ ಅದನ್ನು ಓದಲು ಅಡ್ಡಿಯಿಲ್ಲ.

ಜಮಾದಾರನಾಗಿದ್ದ ಸೋದರಮಾವ ರಜೆಯಲ್ಲಿ ಊರಿಗೆ ಬಂದಾಗ ಅವನ ಕೊರಳಲ್ಲಿದ್ದ ಚಿನ್ನದ ಸರವನ್ನು ಕಂಡು ಬಾಲಕ ಸೀತಾರಾಮ ಸೈನ್ಯದ ಕಡೆ ಆಕರ್ಷಿತನಾಗುತ್ತಾನೆ. 1812ರಲ್ಲಿ ಸೇರಿದ ಅವನು 48 ವರ್ಷ ಸೇವೆ ಸಲ್ಲಿಸಿ 1860ರಲ್ಲಿ ಸುಬೇದಾರನಾಗಿ ನಿವೃತ್ತನಾಗುತ್ತಾನೆ. ಬಂಗಾಳ ಸೈನ್ಯದಲ್ಲಿ ಬಡ್ತಿ ಹೆಚ್ಚುಕಡಿಮೆ ಸಂಪೂರ್ಣವಾಗಿ ಸೇವಾ ಜ್ಯೇಷ್ಠತೆಯನ್ನೇ ಅವಲಂಬಿಸಿತ್ತು. ಮದ್ರಾಸು ಮತ್ತು ಮುಂಬಯಿ ಸೈನ್ಯಗಳಲ್ಲಿ ಯೋಗ್ಯತೆಗೂ ಸ್ಥಾನವಿತ್ತು. ಜ್ಯೇಷ್ಠತೆಯ ನಿಯಮ ನ್ಯಾಯವಾಗಿ ಕಾಣುತ್ತದೆ. ಅಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ. ಆದರೆ ಅದರ ಪರಿಣಾಮವಾಗಿ ಸಿಪಾಯಿ ಅಧಿಕಾರದ ಪದವಿ ಮುಟ್ಟುವ ವೇಳೆಗೆ ಓಡಲಾರದ, ಕವಾಯತು ನಡೆಸಲಾರದ ಮುದುಕನಾಗಿರುತ್ತಿದ್ದ. ಇಷ್ಟಾಗಿಯೂ ನಿನ್ನೆ ಬಂದ ತರುಣ ಆಂಗ್ಲ ಅಧಿಕಾರಿಗೆ ಅವನು ಅಧೀನನೇ. ಅನುಭವ ಒಂದೆಡೆ, ಅಧಿಕಾರ ಇನ್ನೊಂದೆಡೆ ಎಂಬ ಈ ವಿಂಗಡಣೆಯೇ ವಸಾಹತು ಸೈನ್ಯದ ರಚನೆಯ ತಳಹದಿಯಾಗಿತ್ತು.

ಕಥನದ ಅತ್ಯಂತ ದಾರುಣ ಪ್ರಸಂಗ 1857ರ ಹೋರಾಟದ ಕಾಲದ್ದು. ಸೆರೆಸಿಕ್ಕ ಬಂಡಾಯಗಾರರನ್ನು ಗುಂಡಿಕ್ಕುವ ತುಕಡಿಯ ಹೊಣೆ ಸೀತಾರಾಮನಿಗೆ ಬರುತ್ತದೆ. ಆ ಬಂಡಾಯಗಾರರಲ್ಲಿ ಒಬ್ಬ ಅವನ ಮಗ. ಮೇಲಧಿಕಾರಿ ಅವನನ್ನು ಆ ಹೊಣೆಯಿಂದ ಬಿಡಿಸುತ್ತಾನೆ, ಮಗನ ಮರಣದಂಡನೆ ಮಾತ್ರ ತಪ್ಪುವುದಿಲ್ಲ. ಬಡ್ತಿಯ ಬೆಲೆ ಏನೆಂಬ ಪ್ರಶ್ನೆಯನ್ನು ಈ ಪ್ರಸಂಗದಷ್ಟು ನೇರವಾಗಿ ಎತ್ತುವ ಸೈನಿಕ ಕಥನ ಅಪರೂಪ. ಪದವಿ ಏರಿದಂತೆ ಉಪ್ಪಿನ ಋಣವೂ ಏರುತ್ತದೆ. ಶಾಸನಗಳ ಕಾಲದ ‘ಜೋಳದ ಪಾಳಿ’ಯ ನೀತಿಗೂ ಸಿಪಾಯಿಯ ‘ನಮಕ್’ನ ನೀತಿಗೂ ಇರುವ ಸಾಮ್ಯ ಇಲ್ಲಿ ಸ್ಪಷ್ಟ.

ಬಾಗಿಲು ತೆರೆದ ಬಗೆ

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಕೊನೆಯವರೆಗೂ ಭಾರತೀಯನಿಗೆ ದೊರೆಯುತ್ತಿದ್ದ ಅತ್ಯುನ್ನತ ಸ್ಥಾನ ವೈಸರಾಯ್ ಕಮಿಷನ್ ಪಡೆದ ಜಮಾದಾರ, ಸುಬೇದಾರ, ಸುಬೇದಾರ್ ಮೇಜರ್ ಪದವಿಗಳು. ಮೊದಲ ಮಹಾಯುದ್ಧದ ನಂತರ ಪೂರ್ಣ ಕಮಿಷನ್ ಭಾರತೀಯರಿಗೂ ಸಿಗತೊಡಗಿತು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1919ರಲ್ಲಿ ಇಂದೋರಿನಲ್ಲಿ ತರಬೇತಿ ಪಡೆದ ಮೊದಲ ತಂಡಕ್ಕೆ ಸೇರಿದವರು. ಆದರೆ ಅದು ಶಿಕ್ಷಿತ ಕುಟುಂಬಗಳ ತರುಣರಿಗೆ ತೆರೆದ ನೇರ ಪ್ರವೇಶ, ಸಿಪಾಯಿಗೆ ತೆರೆದ ಬಾಗಿಲಲ್ಲ. ಸೈನಿಕರನ್ನು ಅಧಿಕಾರಿ ತರಬೇತಿಗೆ ಅಣಿಗೊಳಿಸಲು 1929ರಲ್ಲಿ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಆರಂಭವಾಯಿತು. 1932ರಲ್ಲಿ ಡೆಹರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿ ಕಾರ್ಯಾರಂಭ ಮಾಡಿದಾಗ ಮೊದಲ ತಂಡದ 40 ಸ್ಥಾನಗಳಲ್ಲಿ 15 ಸ್ಥಾನಗಳು ಸೈನ್ಯದ ಕೆಳಸ್ತರದಿಂದ ಬರುವವರಿಗೆ ಮೀಸಲಾಗಿದ್ದವು.

ಆ ಮೊದಲ ತಂಡದಿಂದ ಮೂರು ದೇಶಗಳ ಸೇನಾ ಮುಖ್ಯಸ್ಥರು ಹೊರಬಂದರು: ಭಾರತದ ಸ್ಯಾಮ್ ಮಾಣಿಕ್ ಷಾ, ಪಾಕಿಸ್ತಾನದ ಮುಹಮ್ಮದ್ ಮೂಸಾ, ಬರ್ಮಾದ ಸ್ಮಿತ್ ಡನ್. ಈ ಮೂವರಲ್ಲಿ ಮಾಣಿಕ್ ಷಾ ಮಾತ್ರ ನೇರವಾಗಿ ಪ್ರವೇಶ ಪಡೆದವರು. ಮೂಸಾ ಹಜಾರಾ ಪಯೋನಿಯರ್ಸ್‌ನಲ್ಲಿ, ಸ್ಮಿತ್ ಡನ್ ಬರ್ಮಾ ರೈಫಲ್ಸ್‌ನಲ್ಲಿ ಸಾಮಾನ್ಯ ಸೈನಿಕರಾಗಿ ಸೇರಿದ್ದವರು. ಮೂಸಾ ತಮ್ಮ ಆತ್ಮಕಥೆಗೆ ‘ಜವಾನನಿಂದ ಜನರಲ್‌ವರೆಗೆ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಸಿಪಾಯಿಗೆ ನಾಯಕತ್ವದ ಶಕ್ತಿಯಿಲ್ಲವೆಂಬ ಒಂದು ಶತಮಾನದ ನಂಬಿಕೆಯನ್ನು ಬಾಗಿಲು ತೆರೆದ ಮೊದಲ ವರ್ಷವೇ ಸುಳ್ಳಾಗಿಸಿತು.

ಸ್ವಾತಂತ್ರ್ಯಾನಂತರ ನೌಗಾಂವ್‌ನ ಸಂಸ್ಥೆ 1960ರಲ್ಲಿ ಆರ್ಮಿ ಕೆಡೆಟ್ ಕಾಲೇಜು ಎಂಬ ಹೆಸರು ಪಡೆದು, ಬಳಿಕ ಪುಣೆಗೆ ಬಂದಿತು. 1977ರಲ್ಲಿ ಡೆಹರಾಡೂನಿಗೆ ಸ್ಥಳಾಂತರಗೊಂಡಿತು. ಇಲ್ಲಿ ಮೂರು ವರ್ಷ ಓದಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಪದವಿ ಪಡೆದ ಸೈನಿಕರು ಬಳಿಕ ಒಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಹೊಂದುತ್ತಾರೆ. ವೈಸರಾಯ್ ಕಮಿಷನ್ ಜೂನಿಯರ್ ಕಮಿಷನ್ ಆಯಿತು. ‘ಜಮಾದಾರ’ ಪದವಿ 1965ರಲ್ಲಿ ‘ನಾಯಬ್ ಸುಬೇದಾರ್’ ಎಂದು ಬದಲಾಯಿತು. ಕರ್ನಾಟಕದ ಮಟ್ಟಿಗೆ ಬೆಳಗಾವಿಯಲ್ಲಿ 1945ರಲ್ಲಿ, ಬೆಂಗಳೂರಿನಲ್ಲಿ 1946ರಲ್ಲಿ ಆರಂಭವಾದ ಮಿಲಿಟರಿ ಶಾಲೆಗಳನ್ನು ಇಲ್ಲಿ ನೆನೆಯಬೇಕು. ಸೈನಿಕರ ಮಕ್ಕಳ ಶಿಕ್ಷಣಕ್ಕೆಂದೇ ಹುಟ್ಟಿದ ಈ ಪರಂಪರೆಯ ಶಾಲೆಗಳು, ತಂದೆಗೆ ದಕ್ಕದ ಮೆಟ್ಟಿಲನ್ನು ಮಗನಿಗೆ ದಕ್ಕಿಸುವ, ತಲೆಮಾರಿನಾಚೆಗಿನ ಬಡ್ತಿಯ ವ್ಯವಸ್ಥೆಗಳಾಗಿದ್ದವು.

ಚೆಂಡಿಯಾದ ರಾಮ ರಾಘೋಬ ರಾಣೆ

ಕೆಳಸ್ತರದ ಅನುಭವ ನಾಯಕತ್ವವಾಗಿ ಪರಿವರ್ತನೆಗೊಳ್ಳುವ ಬಗೆಯನ್ನು ಅರಿಯಲು ನಮ್ಮ ನಾಡಿನದೇ ಉಜ್ವಲ ನಿದರ್ಶನವಿದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಬಳಿಯ ಚೆಂಡಿಯಾದಲ್ಲಿ 1918ರ ಜೂನ್ 26ರಂದು ಜನಿಸಿದ ರಾಮ ರಾಘೋಬ ರಾಣೆ ಅವರು 1940ರ ಜುಲೈ 10ರಂದು ಬಾಂಬೆ ಸ್ಯಾಪರ್ಸ್ ದಳಕ್ಕೆ ಸೈನಿಕರಾಗಿ ಸೇರಿದರು. ತಮ್ಮ ತಂಡದ ಅತ್ಯುತ್ತಮ ತರಬೇತಿ ಸೈನಿಕರೆಂದು ಕಮಾಂಡೆಂಟರ ಬೆತ್ತ ಪಡೆದ ಅವರು ನಾಯಕ್ ಪದವಿಗೇರಿ ಬರ್ಮಾ ರಂಗದಲ್ಲಿ ಸೇವೆ ಸಲ್ಲಿಸಿದರು. ಅರಾಕಾನಿನಿಂದ ಪಡೆ ಹಿಂದೆಗೆದಾಗ ಶಸ್ತ್ರಾಗಾರ ಮುಂತಾದವನ್ನು ನಾಶಗೊಳಿಸಲು ಹಿಂದುಳಿದ ಗುಂಪಿನಲ್ಲಿ ಅವರಿದ್ದರು. ಕರೆದೊಯ್ಯಬೇಕಿದ್ದ ಹಡಗಿನ ವ್ಯವಸ್ಥೆ ವಿಫಲವಾದಾಗ, ಜಪಾನಿ ಕಾವಲಿದ್ದ ನದಿಯನ್ನು ತಾವೇ ದಾಟಿ ಆ ಗುಂಪು ತನ್ನ ಡಿವಿಷನ್ನನ್ನು ಸೇರಿಕೊಂಡಿತು. ಬಳಿಕ ರಾಣೆ ಹವಾಲ್ದಾರರಾದರು. 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಮಿಷನ್ ಪಡೆದಾಗ ಅವರಿಗೆ 29 ವರ್ಷ.

ನಾಲ್ಕು ತಿಂಗಳೊಳಗೆ ಪರೀಕ್ಷೆಯ ಗಳಿಗೆ ಬಂದಿತು. 1948ರ ಏಪ್ರಿಲ್ 8ರಂದು ನೌಶೇರಾದಿಂದ ರಜೌರಿಯ ಕಡೆ ಸಾಗುತ್ತಿದ್ದ ಪಡೆಗೆ ನೆಲಬಾಂಬುಗಳೂ ರಸ್ತೆ ತಡೆಗಳೂ ಅಡ್ಡವಾದವು. ರಾಣೆಯವರ ತುಕಡಿ ಕೆಲಸ ಆರಂಭಿಸಿದಾಗಲೇ ಮಾರ್ಟರ್ ದಾಳಿಗೆ ಇಬ್ಬರು ಬಲಿಯಾದರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದಿರುಗಲಿಲ್ಲ. ಟ್ಯಾಂಕಿನ ಕೆಳಗೆ ತೆವಳುತ್ತ, ಹಗ್ಗದ ಸನ್ನೆಯ ಮೂಲಕ ಚಾಲಕನಿಗೆ ನಿಲ್ಲು, ನಡೆ ಎಂದು ತಿಳಿಸುತ್ತ ಅವರು ದಾರಿ ಬಿಡಿಸಿದ ರೀತಿ ಸೇನಾ ಇತಿಹಾಸದಲ್ಲಿ ದಾಖಲಾಗಿದೆ. ಥಂಡಾಪಾನಿಯ ತಡೆಯನ್ನು ಮೆಷಿನ್ ಗನ್ ಗುಂಡಿನ ನಡುವೆ ತೆರವುಗೊಳಿಸಿ, 11ರಂದು ರಾತ್ರಿಯವರೆಗೆ 17 ಗಂಟೆಗಳ ಕಾಲ ದುಡಿದು ಚಿಂಗಸ್‌ವರೆಗಿನ ದಾರಿಯನ್ನು ಅವರ ತುಕಡಿ ತೆರೆಯಿತು. ಮರುದಿನ ರಜೌರಿ ವಶವಾಯಿತು.

ಇಲ್ಲಿ ನಾಯಕತ್ವದ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಭಾಷಣದಿಂದಾಗಲಿ ಪದವಿಯ ಗತ್ತಿನಿಂದಾಗಲಿ ಈ ಕಾರ್ಯ ನಡೆದದ್ದಲ್ಲ. ನೆಲಬಾಂಬನ್ನು ಕೈಯಿಂದ ತಡವಿ ಗುರುತಿಸುವ ವಿದ್ಯೆ ಸ್ಯಾಪರ್‌ನ ಕೈಯರಿವು. ಒಂದು ಗಂಟೆ ದುಡಿದವನ ಕೈ ಯಾವಾಗ ನಡುಗತೊಡಗುತ್ತದೆ, ಗಾಯಗೊಂಡ ಸಂಗಾತಿಯನ್ನು ಕಂಡವನು ಮತ್ತೆ ಮುಂದಡಿಯಿಡಲು ಏನು ಬೇಕು ಎಂಬುದು ಆ ಕೆಲಸವನ್ನು ಮಾಡಿದವನಿಗೆ ಮಾತ್ರ ಚೆನ್ನಾಗಿ ಗೊತ್ತು. ಅಧಿಕಾರಿ ತಾನೇ ಟ್ಯಾಂಕಿನ ಕೆಳಗೆ ಹೋದಾಗ ಆಜ್ಞೆ ಮಾತಿನ ರೂಪವನ್ನು ಬಿಟ್ಟು ಮಾದರಿಯ ರೂಪವನ್ನು ತಾಳುತ್ತದೆ. ‘ಆಳಾಗಬಲ್ಲವನು’ ಎಂಬ ಗಾದೆಯ ಮಾತಿನ ಬಲ ಇರುವುದು ಈ ‘ಬಲ್ಲ’ ಎಂಬಲ್ಲಿ: ಹಿಂದೆ ಆಳಾಗಿದ್ದರೆ ಸಾಲದು, ಅಧಿಕಾರ ಬಂದ ಮೇಲೂ ಆಳಿನ ಕೆಲಸಕ್ಕೆ ಕೈ ಹಾಕಬಲ್ಲವನಾಗಿರಬೇಕು.

1950ರ ಜನವರಿ 26ರಂದು ಸ್ಥಾಪಿತವಾದ ಪರಮವೀರ ಚಕ್ರ 1947–48ರ ಯುದ್ಧಕ್ಕಾಗಿ ಐವರಿಗೆ ಸಂದಿತು. ಮೂವರಿಗೆ ಮರಣೋತ್ತರವಾಗಿ; ಬದುಕಿದ್ದು ಪಡೆದ ಇಬ್ಬರಲ್ಲಿ ಒಬ್ಬರು ರಾಣೆ, ಇನ್ನೊಬ್ಬರು ಲ್ಯಾನ್ಸ್ ನಾಯಕ್ ಕರಮ್ ಸಿಂಗ್. ಇಬ್ಬರೂ ಸಾಮಾನ್ಯ ಸೈನಿಕರಾಗಿ ಸೇರಿದವರು. ವೀರಗಲ್ಲಿನ ಪರಂಪರೆ ಮಡಿದವನನ್ನು ದೇವಸನ್ನಿಧಿಗೆ ಏರಿಸಿ ಕಥೆಯನ್ನು ಮುಗಿಸುತ್ತದೆ. ಬದುಕಿ ಉಳಿದ ವೀರನಾದರೋ ಮರುದಿನ ಮತ್ತೆ ಹಾಜರಿ ಕೊಡಬೇಕು, ತುಕಡಿಯ ಊಟ, ರಜೆ, ಶಿಸ್ತುಗಳನ್ನು ನೋಡಿಕೊಳ್ಳಬೇಕು. ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ನಿಧನರಾದರು. 2023ರಲ್ಲಿ ಅಂಡಮಾನ್ ನಿಕೋಬಾರಿನ ಒಂದು ದ್ವೀಪಕ್ಕೆ ಅವರ ಹೆಸರನ್ನಿಡಲಾಯಿತು.

ಗಳಿಕೆ ಮತ್ತು ನಷ್ಟ

ಕೆಳಸ್ತರದಿಂದ ಬಂದ ಅಧಿಕಾರಿಯ ಗಳಿಕೆಗಳನ್ನು ಮೂರಾಗಿ ಹೇಳಬಹುದು. ಮೊದಲನೆಯದು ಕೈಯರಿವು. ಎರಡನೆಯದು ಸೈನಿಕನ ಮೌನವನ್ನು ಓದುವ ಶಕ್ತಿ. ರಜೆಯ ಅರ್ಜಿಯಲ್ಲಿ ಬರೆದ ಕಾರಣದ ಹಿಂದಿರುವ ಊರಿನ ಜಮೀನು ವ್ಯಾಜ್ಯವನ್ನೋ ಮನೆಯ ಕಾಯಿಲೆಯನ್ನೋ ಅವನು ಬಲ್ಲ. ಮೂರನೆಯದು ಆಜ್ಞೆಯ ಮಿತಿಯ ಅರಿವು. ಯಾವ ಆಜ್ಞೆ ಮನಃಪೂರ್ವಕ ನಡೆಯುತ್ತದೆ, ಯಾವುದು ಕೇವಲ ತೋರಿಕೆಗೆ ನಡೆಯುತ್ತದೆ ಎಂಬುದು ಆಜ್ಞೆ ಪಾಲಿಸಿದವನಿಗೆ ಗೊತ್ತು.

ನಷ್ಟಗಳೂ ಕಡಿಮೆಯಲ್ಲ. ಸೈನಿಕರ ನಡುವಿನ ಭಾಷೆ ಹಿಂದೂಸ್ತಾನಿ, ಅಧಿಕಾರಿಗಳ ಕಡತದ ಭಾಷೆ ಇಂಗ್ಲಿಷ್. ಬಡ್ತಿಯೊಂದಿಗೆ ಭಾಷೆ, ಊಟದ ಮನೆ, ಉಡುಪು, ಸಂಬೋಧನೆ ಎಲ್ಲವೂ ಬದಲಾಗುತ್ತವೆ. ನಿನ್ನೆ ಹೆಸರು ಹಿಡಿದು ಕರೆದವನು ಇಂದು ‘ಸಾಹೇಬ್’ ಎನ್ನಬೇಕು. ಸಲುಗೆ ಉಳಿಸಿಕೊಂಡರೆ ಶಿಸ್ತು ಸಡಿಲುತ್ತದೆ, ಕಡಿದುಕೊಂಡರೆ ‘ನಮ್ಮವನೇ ನಮಗೆ ಪರಕೀಯನಾದ’ ಎಂಬ ಮಾತು ಹುಟ್ಟುತ್ತದೆ. ತನ್ನ ಹಿಂದಿನ ಕಷ್ಟವನ್ನೇ ಅಳತೆಗೋಲಾಗಿಸಿಕೊಂಡು, ‘ನಾನು ಸಹಿಸಲಿಲ್ಲವೇ?’ ಎಂದು ಕೈಕೆಳಗಿನವರನ್ನು ಕಠಿಣವಾಗಿ ನಡೆಸಿಕೊಳ್ಳುವ ಅಪಾಯವೂ ಇದೆ. ಅನುಭವ ತಾನಾಗಿಯೇ ಕರುಣೆಯಾಗುವುದಿಲ್ಲ. ವಯಸ್ಸಿನ ಪ್ರಶ್ನೆಯಂತೂ ಸೀತಾರಾಮನ ಕಾಲದಿಂದ ಪೂರ್ತಿ ಮರೆಯಾಗಿಲ್ಲ. ನಿವೃತ್ತಿಯ ವಯಸ್ಸು ಪದವಿಯನ್ನು ಅವಲಂಬಿಸಿರುವ ವ್ಯವಸ್ಥೆಯಲ್ಲಿ, ತಡವಾಗಿ ಕಮಿಷನ್ ಪಡೆದವನಿಗೆ ಮೇಲಿನ ಮೆಟ್ಟಿಲುಗಳನ್ನು ಏರಲು ಉಳಿಯುವ ವರ್ಷಗಳು ಕಡಿಮೆ.

ಅಧ್ಯಯನದ ಹೊಣೆ

ವೀರಗಲ್ಲುಗಳನ್ನೂ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಲಾವಣಿಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದ ನಮ್ಮ ಜಾನಪದ ಅಧ್ಯಯನ, ನಿವೃತ್ತ ಹವಾಲ್ದಾರರ, ಸುಬೇದಾರರ, ಕೆಳಸ್ತರದಿಂದ ಏರಿದ ಅಧಿಕಾರಿಗಳ ಮೌಖಿಕ ಕಥನಗಳ ಕಡೆಗೆ ಅಷ್ಟಾಗಿ ಹೊರಳಿಲ್ಲ. ಕೊಡಗು, ಬೆಳಗಾವಿ, ಕಾರವಾರಗಳಲ್ಲಿ ಇಂಥ ಕಥನಗಳು ಇನ್ನೂ ಜೀವಂತವಾಗಿವೆ. ಮೊದಲ ರಾತ್ರಿಯ ಪಹರೆ, ಮೊದಲ ಪಟ್ಟಿ ತೋಳಿಗೆ ಬಂದ ದಿನ, ಹಳೆಯ ಸಂಗಾತಿಗೆ ಮೊದಲ ಬಾರಿ ಶಿಕ್ಷೆ ವಿಧಿಸಬೇಕಾಗಿ ಬಂದ ಗಳಿಗೆ ಮುಂತಾದ ಆಶಯಗಳ ನೆಲೆಯಲ್ಲಿ ಇವನ್ನು ವರ್ಗೀಕರಿಸಬಹುದು. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆ ನಾಲ್ಕು ವರ್ಷಗಳ ಸೇವಾವಧಿಯನ್ನು ತಂದು, ಶೇ. 25ರವರೆಗಿನವರನ್ನು ಮಾತ್ರ ಮುಂದುವರಿಸುವ ನಿಯಮದೊಂದಿಗೆ ಆರಂಭವಾಯಿತು. ದೀರ್ಘ ಸೇವೆಯಿಂದ ಹುಟ್ಟುವ ಅನುಭವದ ಸ್ವರೂಪ ಬದಲಾಗುತ್ತಿರುವ ಈ ಕಾಲದಲ್ಲಿ ಹಳೆಯ ಕಥನಗಳ ದಾಖಲೀಕರಣ ಇನ್ನಷ್ಟು ತುರ್ತಿನದಾಗಿದೆ.

ಒಟ್ಟಾರೆಯಾಗಿ ಹೇಳುವುದಾದರೆ, ಸಿಪಾಯಿಯಿಂದ ಅಧಿಕಾರಿಯವರೆಗಿನ ನಡೆ ವ್ಯಕ್ತಿಯೊಬ್ಬನ ಏಳಿಗೆಯ ಕಥೆಯಷ್ಟೇ ಅಲ್ಲ. ಕೆಲಸ ಬಲ್ಲವನ ಮಾತಿಗೆ ಅಧಿಕಾರದ ಪೀಠದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಒಂದು ಸಮಾಜ ನಿರ್ಧರಿಸುವ ಬಗೆ ಅದು. ಸೀತಾರಾಮನಿಗೆ 48 ವರ್ಷಗಳಲ್ಲಿಯೂ ದಕ್ಕದ ಪೂರ್ಣ ಕಮಿಷನ್ ರಾಣೆಯವರಿಗೆ ಏಳು ವರ್ಷಗಳಲ್ಲಿ ದಕ್ಕಿತು. ಈ ಅಂತರವನ್ನು ಉಂಟುಮಾಡಿದ್ದು ಇಬ್ಬರ ಯೋಗ್ಯತೆಯ ವ್ಯತ್ಯಾಸವಲ್ಲ, ಬಾಗಿಲಿನದು.