ಸೋಲಿಸಿದ ಬೆಟ್ಟವೇ ಗೆಲ್ಲಿಸಿತು

ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸಿನ ಗಡಿಗೆ ಸಮೀಪದಲ್ಲಿ ಸೂಸಾ ಎಂಬ ಪುರಾತನ ಊರಿದೆ. ಅದರ ಮಗ್ಗುಲಿನಿಂದಲೇ ಒಂದು ಇಕ್ಕಟ್ಟಾದ ರಸ್ತೆ ಆಲ್ಪ್ಸ್ ಪರ್ವತವನ್ನು ಏರತೊಡಗುತ್ತದೆ. ಮೊದಲು ಚೆಸ್ಟ್‌ನಟ್ ಮರಗಳ ನೆರಳು, ಮೂವತ್ತಕ್ಕೂ ಹೆಚ್ಚು ತಿರುವುಗಳು. ಹತ್ತೂಮುಕ್ಕಾಲು ಕಿಲೋಮೀಟರಿನಷ್ಟು ಏರಿದ ಮೇಲೆ ಡಾಂಬರು ಒಮ್ಮೆಲೇ ನಿಂತುಹೋಗುತ್ತದೆ. ಮುಂದಿನದೆಲ್ಲ ಮಣ್ಣು ಮತ್ತು ಜಲ್ಲಿ. ಹಾಗೆಂದು ಏರು ಕಡಿಮೆಯಾಗುವುದಿಲ್ಲ. 2,178 ಮೀಟರ್ ಎತ್ತರದ ನೆತ್ತಿ ಮುಟ್ಟಲು ಇನ್ನೂ ಸುಮಾರು ಎಂಟು ಕಿಲೋಮೀಟರ್ ತುಳಿಯಬೇಕು.

ಇದೇ ಕೊಲ್ಲೆ ಡೆಲ್ಲೆ ಫಿನೆಸ್ತ್ರೆ. ಇಟಾಲಿಯನ್ ಭಾಷೆಯಲ್ಲಿ 'ಫಿನೆಸ್ತ್ರೆ' ಎಂದರೆ ಕಿಟಕಿಗಳು. ಸೈಕಲ್ ಸ್ಪರ್ಧೆಯ ಜಗತ್ತಿನಲ್ಲಿ ಈ ಹೆಸರು ಕೇಳಿದರೆ ಘಟಾನುಘಟಿಗಳೂ ಒಂದು ಕ್ಷಣ ಗಂಭೀರರಾಗುತ್ತಾರೆ.

ಬೆಟ್ಟವನ್ನು ಬಳಸುವ ದಾರಿ

ನೆತ್ತಿಯಿಂದ ಆಚೆಗಿಳಿದರೆ ಕಿಸೋನೆ ನದಿಯ ಕಣಿವೆ. ಅಲ್ಲಿಂದ ಬಲಕ್ಕೆ ತಿರುಗಿ ಮತ್ತೆ ಏರಿದರೆ 2,035 ಮೀಟರ್ ಎತ್ತರದ ಸೆಸ್ತ್ರಿಯೆರೆ. 2006ರ ಚಳಿಗಾಲದ ಒಲಿಂಪಿಕ್ಸಿನ ಹಿಮಜಾರಾಟದ ಸ್ಪರ್ಧೆಗಳು ನಡೆದ ಊರಿದು. ಅಲ್ಲಿಂದ ಚೆಸಾನಾ, ಉಲ್ಕ್ಸ್ ಊರುಗಳ ಮೂಲಕ ಇಳಿಯುತ್ತ ಬಂದರೆ ಮತ್ತೆ ಸೂಸಾ. ಬೆಟ್ಟಸಾಲನ್ನು ಪೂರ್ತಿ ಸುತ್ತು ಹಾಕಿದಂತಾಯಿತು. ಒಟ್ಟು ದೂರ ನೂರು ಕಿಲೋಮೀಟರಿಗೆ ಹತ್ತಿರ.

ಜಲ್ಲಿ ರಸ್ತೆಯ ಹುಚ್ಚು ಇನ್ನೂ ಹೆಚ್ಚಾಗಿರುವವರಿಗೆ ಬೇರೊಂದು ದಾರಿಯಿದೆ. ಫಿನೆಸ್ತ್ರೆ ದಾಟಿ ಸ್ವಲ್ಪ ಇಳಿದ ಮೇಲೆ ಕಣಿವೆಗೆ ಹೋಗದೆ, ಬೆಟ್ಟದ ಏಣಿನ ಮೇಲೆಯೇ ಸಾಗುವ ಅಸಿಯೆತ್ತಾ ರಸ್ತೆ ಹಿಡಿದು ಸೆಸ್ತ್ರಿಯೆರೆ ತಲುಪಬಹುದು. ಇದೂ ಕಚ್ಚಾ ರಸ್ತೆಯೇ. ಬಹುಪಾಲು 2,000 ಮೀಟರಿಗಿಂತ ಮೇಲೆಯೇ ಸಾಗುತ್ತದೆ. ಇಷ್ಟು ಎತ್ತರದಲ್ಲಿ ರಸ್ತೆ ಮಾಡಿದ್ದು ಸೈಕಲ್ ಸವಾರರ ವಿನೋದಕ್ಕಲ್ಲ, ಸೈನ್ಯದ ಓಡಾಟಕ್ಕೆ. ಫ್ರಾನ್ಸ್ ಮತ್ತು ಪೀಡ್‌ಮಾಂಟ್ ಸೇನೆಗಳು 1747ರ ಜುಲೈ 19ರಂದು ಕಾದಾಡಿದ್ದು ಇದೇ ಅಸಿಯೆತ್ತಾ ಬೆಟ್ಟದ ಮೇಲೆ. ಕೆಳಗಿನ ಕಣಿವೆಯಲ್ಲಿ ಫೆನೆಸ್ತ್ರೆಲ್ಲೆ ಎಂಬ ಬೃಹತ್ ಕೋಟೆ ಇಂದಿಗೂ ನಿಂತಿದೆ. ಸುಮಾರು ನಾಲ್ಕು ಸಾವಿರ ಮೆಟ್ಟಿಲುಗಳ ಮುಚ್ಚಿದ ಸೋಪಾನ ಅದರ ವೈಶಿಷ್ಟ್ಯ.

ಭೌತಶಾಸ್ತ್ರದ ಒಂದು ಲೆಕ್ಕ

ಫಿನೆಸ್ತ್ರೆಯ ಏರು 18.5 ಕಿಲೋಮೀಟರ್ ಉದ್ದ. ಸರಾಸರಿ ಏರಿಕೆ ಶೇಕಡ 9.2. ಅಂದರೆ ನೂರು ಮೀಟರ್ ಮುಂದೆ ಹೋದರೆ ಒಂಬತ್ತು ಮೀಟರಿಗೂ ಮಿಕ್ಕಿ ಮೇಲೇರಿದಂತೆ. ಒಟ್ಟು ಏರಬೇಕಾದ ಎತ್ತರ ಸುಮಾರು 1,700 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರದಲ್ಲಿದೆ. ಕಡಲ ತೀರದಿಂದ ಹೊರಟು, ಎಲ್ಲಿಯೂ ಬಿಡುವಿಲ್ಲದೆ, ಅದರ ಬಹುಪಾಲನ್ನು ಒಂದೇ ಉಸಿರಿನಲ್ಲಿ ಹತ್ತಿದಂತೆ ಎಂದರೆ ಈ ಏರಿನ ಅಂದಾಜು ಸಿಕ್ಕೀತು.

ಪಿ.ಯು. ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 70 ಕಿಲೋ ತೂಕವೆಂದು ಇಟ್ಟುಕೊಳ್ಳೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 11.7 ಲಕ್ಷ ಜೌಲ್ ಶಕ್ತಿ ಬೇಕೆಂದಾಗುತ್ತದೆ. ಒಂದು ಗಂಟೆಯಲ್ಲಿ ಏರುವುದಾದರೆ ಸೆಕೆಂಡಿಗೆ 324 ಜೌಲ್, ಎಂದರೆ 324 ವ್ಯಾಟ್. ಗಾಳಿಯ ತಡೆ, ಜಲ್ಲಿಯ ತಡೆ ಇದರ ಮೇಲೆ. ನಮ್ಮ ಸ್ನಾಯುಗಳು ಖರ್ಚು ಮಾಡಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವಷ್ಟೇ ಕೆಲಸವಾಗುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಈ ಒಂದು ಏರಿಗೇ ಸುಮಾರು 1,100 ಕಿಲೊಕ್ಯಾಲೊರಿ ಕರಗುತ್ತದೆ. ಹೊಟ್ಟೆಗೆ ಹಾಕಿದ್ದು ಸಾಲದಿದ್ದರೆ ಬೆಟ್ಟ ಸಾಲ ಕೊಡುವುದಿಲ್ಲ.

ಸಮತಟ್ಟಿನ ರಸ್ತೆಯಲ್ಲಿ ಮುಂದಿನವನ ಬೆನ್ನಹಿಂದೆ ಅಂಟಿಕೊಂಡು ಹೋದರೆ ಗಾಳಿಯ ತಡೆ ತಪ್ಪಿ ಶ್ರಮ ಬಹಳಷ್ಟು ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ಕಡಿಮೆ, ಆದ್ದರಿಂದ ಆ ಲಾಭವೂ ಕಡಿಮೆ. ಜಲ್ಲಿಯಲ್ಲಿ ಇನ್ನೊಂದು ತೊಡಕು. ಸೀಟಿನಿಂದ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ತಗ್ಗಿ ಅದು ಜಾರುತ್ತದೆ. ಕೂತೇ ತುಳಿಯಬೇಕು, ಹಗುರವಾದ ಗಿಯರ್ ಇರಬೇಕು, ಟೈರಿನ ಗಾಳಿ ಕೊಂಚ ಇಳಿಸಿರಬೇಕು. ಇಲ್ಲಿ ತಂಡದ ಬಲಕ್ಕಿಂತ ಸವಾರನ ಸ್ವಂತ ಕಾಲ್ಬಲ, ತಾಳ್ಮೆಗಳೇ ದೊಡ್ಡವು.

ಹದಿಮೂರು ದಿನದ ಅಂಗಿ

'ಜಿರೋ ದಿತಾಲಿಯಾ' 1909ರಲ್ಲಿ ಆರಂಭವಾದ ಇಟಲಿಯ ಮೂರು ವಾರಗಳ ಸೈಕಲ್ ಸ್ಪರ್ಧೆ. ಅದನ್ನು ಹುಟ್ಟುಹಾಕಿದ ಪತ್ರಿಕೆ ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಮುನ್ನಡೆಯಲ್ಲಿರುವ ಸವಾರನಿಗೆ ಗುಲಾಬಿ ಅಂಗಿ. ಈ ಸ್ಪರ್ಧೆ ಫಿನೆಸ್ತ್ರೆಯನ್ನು ಮೊದಲ ಸಲ ಏರಿದ್ದು 2005ರಲ್ಲಿ.

2018ರಲ್ಲಿ ಗುಲಾಬಿ ಅಂಗಿ ಸೈಮನ್ ಯೇಟ್ಸ್ ಎಂಬ 25 ವರ್ಷದ ಇಂಗ್ಲಿಷ್ ಯುವಕನ ಮೈಮೇಲಿತ್ತು. ಒಂದಲ್ಲ ಎರಡಲ್ಲ, ಹದಿಮೂರು ದಿನ. ಆ ಸ್ಪರ್ಧೆಯಲ್ಲಿ ಮೂರು ಹಂತಗಳನ್ನು ಗೆದ್ದಿದ್ದ. ಏರು ಕಂಡಲ್ಲೆಲ್ಲ ಮುನ್ನುಗ್ಗುತ್ತಿದ್ದ. ಮೇ 24ರಂದು ಮೊದಲ ಬಾರಿಗೆ ದಣಿವಿನ ಸುಳಿವು ಕಂಡಿತು. ಅವನ ಮುನ್ನಡೆ 56 ಸೆಕೆಂಡಿನಿಂದ 28ಕ್ಕೆ ಇಳಿಯಿತು. ಮರುದಿನ ಫಿನೆಸ್ತ್ರೆ. ಏರು ಆರಂಭವಾದ ಸ್ವಲ್ಪ ಹೊತ್ತಿಗೇ, ಜಲ್ಲಿ ರಸ್ತೆ ಬರುವ ಮುಂಚೆಯೇ, ಯೇಟ್ಸ್ ಹಿಂದೆ ಬಿದ್ದ. ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಆ ದಿನ ಅವನು ಕಳೆದುಕೊಂಡದ್ದು 38 ನಿಮಿಷ 51 ಸೆಕೆಂಡು.

ಅದೇ ಏರಿನಲ್ಲಿ, ನಾಲ್ಕನೆಯ ಸ್ಥಾನದಲ್ಲಿದ್ದ ಕ್ರಿಸ್ ಫ್ರೂಮ್ ಜಲ್ಲಿಯ ಮೇಲೆ ಎಲ್ಲರನ್ನೂ ಬಿಟ್ಟು ಹೊರಟು ಸುಮಾರು 80 ಕಿಲೋಮೀಟರ್ ಒಬ್ಬನೇ ಸಾಗಿ ಗೆದ್ದ. ಅದರ ಹಿಂದೆಯೂ ಲೆಕ್ಕವಿತ್ತು. ಅವನ ತಂಡದ ಸಿಬ್ಬಂದಿ ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತು ನೀರು, ಆಹಾರ ಕೈಗಿಡುತ್ತಿದ್ದರು. ಎಷ್ಟು ಖರ್ಚೋ ಅಷ್ಟು ಜಮೆ.

ಯೇಟ್ಸ್ ಸೈಕಲನ್ನು ಮೂಲೆಗಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಪೇನಿನ ಮೂರು ವಾರಗಳ ಸ್ಪರ್ಧೆಯನ್ನು ಗೆದ್ದ. ಆದರೂ ಫಿನೆಸ್ತ್ರೆಯ ಬಾಕಿ ಹಾಗೆಯೇ ಇತ್ತು.

ಏಳು ವರ್ಷಗಳ ನಂತರ

2025ರ ಮೇ 31. ಜಿರೋ ಮುಗಿಯಲು ಒಂದೇ ದಿನ ಬಾಕಿ. ಮತ್ತೆ ಫಿನೆಸ್ತ್ರೆ. ಗುಲಾಬಿ ಅಂಗಿ ಮೆಕ್ಸಿಕೋದ 21 ವರ್ಷದ ಇಸಾಕ್ ದೆಲ್ ತೋರೊನದು. ಈಕ್ವೆಡಾರಿನ ರಿಚರ್ಡ್ ಕರಪಾಸ್ ಎರಡನೆಯವ. ಯೇಟ್ಸ್ ಒಂದು ನಿಮಿಷ 21 ಸೆಕೆಂಡು ಹಿಂದೆ, ಮೂರನೆಯ ಸ್ಥಾನದಲ್ಲಿ.

ಈ ಸಲ ಅವನು ಮೂರು ವಾರವೂ ಅಬ್ಬರವಿಲ್ಲದೆ ಸಾಗಿಬಂದಿದ್ದ. ಒಂದು ಹಂತವನ್ನೂ ಗೆದ್ದಿರಲಿಲ್ಲ. ಏರಿನಲ್ಲಿ ಯೇಟ್ಸ್ ಮುಂದೆ ಹೊರಟಾಗ ಉಳಿದಿಬ್ಬರೂ ಅವನನ್ನು ಹಿಡಿಯುವ ಬದಲು ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ಸುಮಾರು ಒಂದು ಗಂಟೆಯಲ್ಲಿ ಅವನು ನೆತ್ತಿ ತಲುಪಿದ. ಆಚೆಯ ಕಣಿವೆಯಲ್ಲಿ, ಮೊದಲೇ ಮುಂದೆ ಹೋಗಿದ್ದ ತಂಡದ ಸಂಗಾತಿ ವೌಟ್ ವಾನ್ ಆರ್ಟ್ ಜೊತೆಯಾಗಿ ಗಾಳಿಗೆ ಎದೆಯೊಡ್ಡಿದ. ಸೆಸ್ತ್ರಿಯೆರೆ ಮುಟ್ಟುವಾಗ ದೆಲ್ ತೋರೊ ಐದು ನಿಮಿಷಕ್ಕೂ ಹೆಚ್ಚು ಹಿಂದೆ. ಮರುದಿನ ರೋಮ್ ನಗರದಲ್ಲಿ ಯೇಟ್ಸ್ ಮೂರು ನಿಮಿಷ 56 ಸೆಕೆಂಡುಗಳ ಅಂತರದಿಂದ ವಿಜೇತನಾದ. 2018ರಲ್ಲಿ ಹದಿಮೂರು ದಿನ ತೊಟ್ಟರೂ ದಕ್ಕದ ಸ್ಪರ್ಧೆ, 2025ರಲ್ಲಿ ಕೊನೆಯ ಒಂದು ದಿನ ಗುಲಾಬಿ ಅಂಗಿ ತೊಟ್ಟು ಓಡಿಸಿದಾಗ ದಕ್ಕಿತು.

ನಮ್ಮ ಮಕ್ಕಳಿಗೆ

ವಿಜಯಪುರ, ಬಾಗಲಕೋಟೆಯ ಕಡೆಯಿಂದ ಒಳ್ಳೆಯ ಸೈಕಲ್ ಪಟುಗಳು ಬಂದಿದ್ದಾರೆ. ಮಲೆನಾಡಿನಲ್ಲಿ ಏರುಗಳಿಗೂ ಬರವಿಲ್ಲ. ಸೈಕಲ್ ಹಿಡಿದು ಬೆಟ್ಟ ಹತ್ತಬೇಕೆನ್ನುವ ಮಗನಿಗೋ ಮಗಳಿಗೋ ಮನೆಯವರು ಒಮ್ಮೆಲೇ 'ಬೇಡ' ಎನ್ನಬೇಕಿಲ್ಲ. ಆದರೆ ಲಾರಿ, ಬಸ್ಸು ಓಡಾಡುವ ಘಾಟಿ ರಸ್ತೆ ಕಲಿಯುವವರ ಜಾಗವಲ್ಲ. ಊರ ಹೊರಗಿನ ಸಣ್ಣ ದಿಬ್ಬದಿಂದ ಆರಂಭವಾಗಲಿ. ತಲೆಗೆ ಹೆಲ್ಮೆಟ್, ಜೊತೆಗೊಬ್ಬ ಅನುಭವಿ, ಚೀಲದಲ್ಲಿ ನೀರು, ಬಾಳೆಹಣ್ಣು ಇರಲಿ. ಹೊರಡುವ ಮುಂಚೆ ಬ್ರೇಕ್ ನೋಡಿಕೊಳ್ಳಬೇಕು. ಅಪಾಯ ಹೆಚ್ಚಿರುವುದು ಇಳಿಯುವಾಗ. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಬೀಳುವುದು ಖಂಡಿತ.

ಪರೀಕ್ಷೆಯ ವರ್ಷವೂ ಇಂಥದೇ ಉದ್ದದ ಏರು. ಮೊದಲ ತಿರುವಿನಲ್ಲೇ ಇದ್ದಬದ್ದ ಶಕ್ತಿ ಸುರಿದವರು ಕೊನೆಯ ಜಲ್ಲಿ ರಸ್ತೆಯಲ್ಲಿ ಬರಿಗೈಯಾಗುತ್ತಾರೆ. ಹಾಗೆ ಬರಿಗೈಯಾದ ವರ್ಷವೇ ಬದುಕಿನ ಕೊನೆಯ ವರ್ಷವೇನೂ ಅಲ್ಲ. ಯೇಟ್ಸ್ ಕಳೆದುಕೊಂಡ ಆ 38 ನಿಮಿಷ ದಾಖಲೆಯ ಪುಸ್ತಕದಿಂದ ಅಳಿಸಿಹೋಗಿಲ್ಲ. 2025ರ ಗೆಲುವೂ ಅದೇ ಪುಸ್ತಕದಲ್ಲಿ, ಅದೇ ಬೆಟ್ಟದ ಹೆಸರಿನಲ್ಲಿ ದಾಖಲಾಗಿದೆ.