ಗಾಜಿನ ತೊಟ್ಟಿಯಲ್ಲಿ ಹವಳದ ಬೇಸಾಯ

ಬರ್ಲಿನ್ ನಗರದಿಂದ ಹೊರಟು ಹವಳದ ದಿಬ್ಬವೊಂದನ್ನು ಕಣ್ಣಾರೆ ನೋಡಬೇಕೆಂದರೆ ಕೆಂಪು ಸಮುದ್ರದವರೆಗೆ, ಅಂದರೆ ಸುಮಾರು 3,000 ಕಿಲೋಮೀಟರ್ ಹೋಗಬೇಕು. ಚಳಿಗಾಲದಲ್ಲಿ ಹಿಮ ಸುರಿಯುವ ಆ ಊರಿನಲ್ಲಿ, 1980ರ ದಶಕದಲ್ಲಿ, ಡೀಟ್ರಿಶ್ ಸ್ಟ್ಯೂಬರ್ ಎಂಬ ಹವ್ಯಾಸಿಯ ಗಾಜಿನ ತೊಟ್ಟಿಯೊಳಗೆ ಕೊಂಬೆ ಹವಳವೊಂದು ಚಿಗುರಿತು. ಗಿಡದಂತೆ ಕವಲೊಡೆದು ಬೆಳೆದ ಅದರ ತುದಿಗಳನ್ನು ಮುರಿದು ಅವರು ಗೆಳೆಯರಿಗೆ ಹಂಚಿದರು. ಗೆಳೆಯರು ತಮ್ಮ ಗೆಳೆಯರಿಗೆ ಹಂಚಿದರು. ದಾಸವಾಳದ ಟೊಂಗೆ ಹಿತ್ತಿಲಿನಿಂದ ಹಿತ್ತಿಲಿಗೆ ದಾಟುವ ಹಾಗೆ ಆ ಹವಳ ಯುರೋಪಿನಲ್ಲಿ ಮನೆಯಿಂದ ಮನೆಗೆ ದಾಟಿತು. ಹವ್ಯಾಸಿಗಳು ಅದನ್ನು ಸ್ಟ್ಯೂಬರ್ ಅವರ ಹೆಸರಿನಿಂದಲೇ ಕರೆಯತೊಡಗಿದರು.

ಕಲ್ಲು ಹವಳವನ್ನು ಮನೆಯಲ್ಲಿ ಬೆಳೆಸುವುದು ಆಗದ ಮಾತು ಎಂದು ಅಲ್ಲಿಯವರೆಗೆ ಬಹಳ ಮಂದಿ ನಂಬಿದ್ದರು. ಕಡಲಿನಿಂದ ಕಿತ್ತು ತಂದ ಹವಳ ಕೆಲವು ವಾರ ಉಸಿರು ಹಿಡಿದು, ಆಮೇಲೆ ಬಿಳಿ ಅಸ್ಥಿಪಂಜರವಾಗಿ ಉಳಿಯುತ್ತಿತ್ತು.

ನಮ್ಮಲ್ಲಿ ಹವಳ ಎಂದೊಡನೆ ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ ಕಣ್ಣ ಮುಂದೆ ಬರುತ್ತದೆ. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ ಬಂದ ಬೇರೊಂದು ಜಾತಿಯ ಜೀವಿ. ದಿಬ್ಬ ಕಟ್ಟುವುದು ಅದರ ಕಸುಬಲ್ಲ. ದಿಬ್ಬ ಕಟ್ಟುವ ಕಲ್ಲು ಹವಳವು ಕೆಲವೇ ಮಿಲಿಮೀಟರ್ ಗಾತ್ರದ ಪಾಲಿಪ್ ಎಂಬ ಪ್ರಾಣಿಗಳ ಒಟ್ಟು ಕುಟುಂಬ. ಪ್ರತಿಯೊಂದಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಎಳೆಎಳೆ ತೋಳುಗಳು. ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ತನ್ನ ಕಾಲಡಿಗೇ ಕಲ್ಲು ಕಟ್ಟಿಕೊಳ್ಳುತ್ತ ಅದು ಮೇಲೇರುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗಿವೆ. ಅವು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತವೆ. ಪ್ರತಿಯಾಗಿ ಆಸರೆಯನ್ನೂ ಗೊಬ್ಬರವನ್ನೂ ಪಡೆಯುತ್ತವೆ. ಪ್ರಾಣಿ, ಸಸ್ಯ, ಕಲ್ಲು ಮೂರೂ ಒಂದೇ ಮೈಯಲ್ಲಿ! ಇದನ್ನು ಸಾಕುವವನು ಈ ಮೂರನ್ನೂ ಏಕಕಾಲಕ್ಕೆ ಸಾಕಬೇಕು.

ಸುಣ್ಣದ ತಿಳಿ, ಆಲೆಮನೆಯ ನೊರೆ

ದಾರಿ ಮೊದಲು ತೆರೆದದ್ದು ಜಕಾರ್ತಾದಲ್ಲಿ. ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನವನ್ನು ಬರೆದರು. ಶೋಧಕ ಯಂತ್ರಗಳ ಗೊಡವೆಯಿಲ್ಲದೆ, ಕಡಲ ತಳದ ಜೀವಂತ ಕಲ್ಲುಗಳು, ಬಿಸಿಲು ಮತ್ತು ಸಣ್ಣಗೆ ಬಿಡುವ ಗಾಳಿಗುಳ್ಳೆಗಳಿಂದಲೇ ಅವರು ತೊಟ್ಟಿಯನ್ನು ನಡೆಸುತ್ತಿದ್ದರು. ಜೀವಂತ ಕಲ್ಲು ಎಂದರೆ ಬೇರೇನಲ್ಲ, ಹಳೆಯ ಹವಳದ ತೂತುತೂತು ಕಲ್ಲು. ಅದರ ಹೊರಮೈಯ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಗಾಳಿಯಾಡದ ಒಳತೂತುಗಳಲ್ಲಿರುವವು ಆ ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸಿ ಹೊರಬಿಡುತ್ತವೆ. ಆದರೆ ಲೀ ಇದ್ದದ್ದು ಹವಳದ ಕಡಲಿನ ಪಕ್ಕದಲ್ಲಿ. ಹೊಸ ನೀರು, ಹೊಸ ಕಲ್ಲು, ಉರಿಬಿಸಿಲು ಬೇಕೆಂದಾಗ ಸಿಗುತ್ತಿದ್ದವು. ಬರ್ಲಿನ್‌ನವರಿಗೆ ಈ ಯಾವ ಭಾಗ್ಯವೂ ಇರಲಿಲ್ಲ.

ಅವರು ಇಲ್ಲದ್ದನ್ನು ಒಂದೊಂದಾಗಿ ತುಂಬಿಕೊಂಡರು. ಬಿಸಿಲಿಗೆ ಬದಲಾಗಿ ಕಣ್ಣು ಕೋರೈಸುವ ಮೆಟಲ್ ಹ್ಯಾಲೈಡ್ ದೀಪ. ಅಲೆಗೆ ಬದಲಾಗಿ ಪಂಪು. ಕೊಳೆ ತೆಗೆಯಲು ಪ್ರೋಟೀನ್ ಸ್ಕಿಮ್ಮರ್ ಎಂಬ ಕೊಳವೆ. ಹೆಸರು ಕೇಳಿ ಬೆದರಬೇಕಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕೊಳೆಯೆಲ್ಲ ನೊರೆಯೊಂದಿಗೆ ಮೇಲೆ ಬರುತ್ತದೆ, ಅದನ್ನು ಬಾಚಿ ಚೆಲ್ಲುತ್ತಾರೆ. ಇಲ್ಲಿ ಬೆಂಕಿಯ ಕೆಲಸವನ್ನು ಗಾಳಿಗುಳ್ಳೆ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಉಳಿದದ್ದು ಸುಣ್ಣದ ಪ್ರಶ್ನೆ. ಹವಳ ಕಲ್ಲು ಕಟ್ಟುತ್ತ ಹೋದಂತೆ ತೊಟ್ಟಿಯ ನೀರಿನಲ್ಲಿ ಕ್ಯಾಲ್ಸಿಯಂ ಕರಗುತ್ತ ಬರುತ್ತದೆ. ಕಡಲಿಗೆ ಅದು ಲೆಕ್ಕಕ್ಕಿಲ್ಲ, ಇನ್ನೂರು ಲೀಟರಿನ ತೊಟ್ಟಿಗೆ ಅದೇ ದೊಡ್ಡ ಲೆಕ್ಕ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದ ಪರಿಹಾರ ವೀಳ್ಯ ಹಾಕುವ ಯಾವ ಮನೆಗೂ ಹೊಸದಲ್ಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವುದು. ಒಮ್ಮೆಲೇ ಸುರಿದರೆ ನೀರಿನ ಕ್ಷಾರ ಏರಿ ಜೀವಗಳು ಸಾಯುತ್ತವೆ. ರಾತ್ರಿಯಿಡೀ ತೊಟ್ಟಿಕ್ಕಿದರೆ ಹವಳ ಬೆಳೆಯುತ್ತದೆ.

ಕೊಂಬೆ ಹವಳವನ್ನು ಸಾಕುವವರ ಇಂದಿನ ಲೆಕ್ಕಪುಸ್ತಕ ಹೆಚ್ಚುಕಡಿಮೆ ಹೀಗಿರುತ್ತದೆ: ಲೀಟರಿಗೆ 35 ಗ್ರಾಂನಷ್ಟು ಉಪ್ಪು, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 1,300ರ ಹತ್ತಿರ ಮೆಗ್ನೀಸಿಯಂ. ನಲ್ಲಿಯ ನೀರು ನಿಷಿದ್ಧ. ಅದರಲ್ಲಿ ತಾಮ್ರದ ಸುಳಿವಿದ್ದರೂ ಬೆನ್ನೆಲುಬಿಲ್ಲದ ಈ ಜೀವಗಳಿಗೆ ವಿಷ. ಹಾಗಾಗಿ ಚೆನ್ನಾಗಿ ಶುದ್ಧೀಕರಿಸಿದ ನೀರಿಗೆ ತಯಾರಿಸಿದ ಕಡಲುಪ್ಪು ಬೆರೆಸಬೇಕು. ಅಂಕಿಗಳನ್ನು ತಲುಪುವುದು ಕಷ್ಟವಲ್ಲ. ಅಲ್ಲೇ ನಿಲ್ಲಿಸುವುದು ಕಷ್ಟ. ಕ್ಯಾಲ್ಸಿಯಂ ದಿನವೂ 400 ಇದ್ದರೆ ಹವಳ ಒಗ್ಗಿಕೊಳ್ಳುತ್ತದೆ. ಇವತ್ತು 380, ನಾಳೆ 460, ನಾಡಿದ್ದು ಮತ್ತೆ 400 ಎಂದು ಜೋಕಾಲಿಯಾಡಿದರೆ ಬುಡದಿಂದ ಚರ್ಮ ಸುಲಿಯುತ್ತ ಬರುತ್ತದೆ. ತೀರಾ ಕೆಟ್ಟ ದಿನಗಳಲ್ಲಿ ಸಂಜೆ ಚೆನ್ನಾಗಿದ್ದ ಹವಳ ಬೆಳಗಾಗುವುದರೊಳಗೆ ಬಿಳಿ ಎಲುಬಾಗಿರುವುದುಂಟು. ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ತೀರುತ್ತದೆ. ವಿದ್ಯುತ್ ಕಡಿತ ಎಂದರೇನೆಂದು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವಸರದವರಿಗೆ ಇದು ತಕ್ಕ ಹವ್ಯಾಸವಲ್ಲ. ಹೊಸ ತೊಟ್ಟಿಯಲ್ಲಿ ಮೊದಲ ತಿಂಗಳುಗಳು ಕಂದು ಲೋಳೆ, ಹಸಿರು ಕೂದಲಿನಂಥ ಪಾಚಿಗಳ ಕಾರುಬಾರು. ಅನುಭವಿಗಳು ಆರು ತಿಂಗಳಾದರೂ ಕಾದು ಆಮೇಲೆ ಕೊಂಬೆ ಹವಳ ನೆಡುತ್ತಾರೆ. ನೆಡುವ ವಿಧಾನ ಮಾತ್ರ ಸರಳ. ಎಲುಬು ಕತ್ತರಿಸುವಂಥ ಇಕ್ಕುಳದಿಂದ ಎರಡು ಬೆರಳಿನಷ್ಟು ತುದಿ ಕತ್ತರಿಸಿ, ಫೆವಿಕ್ವಿಕ್ ಜಾತಿಯ ಅಂಟಿನಿಂದ ಕಲ್ಲಿಗೆ ಅಂಟಿಸುವುದು. ವಾರಗಳಲ್ಲಿ ಹವಳ ಅಂಟಿನ ಮೇಲೂ ಹರಡಿಕೊಂಡು ಬುಡ ಕಟ್ಟಿಕೊಳ್ಳುತ್ತದೆ. ನೆರೆಹೊರೆಗೆ ಜಾಗ ಬಿಟ್ಟು ನೆಡಬೇಕು. ರಾತ್ರಿ ಹೊತ್ತು ಉದ್ದನೆಯ ಕುಟುಕು ತೋಳು ಚಾಚಿ ಪಕ್ಕದವನನ್ನು ಸುಡುವ, ಹೊಟ್ಟೆಯ ಎಳೆಗಳನ್ನೇ ಹೊರಚೆಲ್ಲಿ ಅವನನ್ನು ಜೀರ್ಣಿಸಿಕೊಳ್ಳುವ ಹವಳಗಳಿವೆ. ಗಡಿ ತಕರಾರಿನಲ್ಲಿ ನಮ್ಮ ಹೊಲದ ಬದುವಿನ ಜಗಳಗಳು ಇವುಗಳ ಮುಂದೆ ಏನೇನೂ ಅಲ್ಲ.

ಬಣ್ಣ ಬರುವುದೆಲ್ಲಿಂದ?

ಇಷ್ಟೆಲ್ಲ ಪಾಡು ಬಣ್ಣಕ್ಕಾಗಿ. ನೀಲಿ ತುದಿಯ ನೇರಳೆ ಕೊಂಬೆ, ಹಸಿರು ಮೈಮೇಲೆ ಗುಲಾಬಿ ಪಾಲಿಪ್, ಅರಿಶಿನದ ಹಳದಿ. ವಿಚಿತ್ರವೆಂದರೆ ಬಾಡಿಗೆದಾರ ಪಾಚಿಯ ಬಣ್ಣ ಬರೀ ಕಂದು. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಹೆಚ್ಚಾದರೆ ಗೊಬ್ಬರ ಹೆಚ್ಚಾದ ಹೊಲದಲ್ಲಿ ಕಳೆ ಸೊಕ್ಕುವಂತೆ ಪಾಚಿ ಸೊಕ್ಕಿ, ನೇರಳೆ ಹವಳ ಒಣ ಅಡಿಕೆ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತದೆ. ದುಬಾರಿ ಬೆಲೆಗೆ ಕೊಂಡವನ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ.

ಕಣ್ಸೆಳೆಯುವ ಬಣ್ಣ ಹವಳದ್ದೇ ಸ್ವಂತ. ಅದು ತನ್ನ ಮೈಯಲ್ಲಿ ತಯಾರಿಸಿಕೊಳ್ಳುವ ಬಣ್ಣದ ಪ್ರೋಟೀನುಗಳಿಂದ ಬರುತ್ತದೆ. ಪ್ರಖರ ಬೆಳಕಿನಲ್ಲಿ ಇವು ಪಾಚಿಗೆ ಕೊಡೆ ಹಿಡಿಯುತ್ತವೆ. ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ನುಂಗಿ ಹಸಿರು, ಕೇಸರಿ, ಕೆಂಪು ಬೆಳಕನ್ನು ಹೊರಸೂಸುತ್ತವೆ. ನೀಲಿ ಎಲ್‌ಇಡಿ ದೀಪದಡಿ ತೊಟ್ಟಿ ಕೆಂಡದಂತೆ ಹೊಳೆಯುವುದು ಇದರಿಂದಲೇ. ಹಾಗೆಂದು ಬಣ್ಣಕ್ಕಾಗಿ ನೀರನ್ನು ಅತಿಯಾಗಿ ಬಡಕಲು ಮಾಡಿದರೆ ಪಾಚಿಯೇ ಸಾಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದೂ ಅದನ್ನೇ. ಫಾಸ್ಫೇಟ್‌ನ ಹಸಿವಿನಲ್ಲಿರುವ ಹವಳ ಶಾಖ, ಬೆಳಕುಗಳಿಗೆ ಬೇಗ ಸೋತು ಬಿಳಿಚಿಕೊಳ್ಳುತ್ತದೆ. ಕಂದು ಬಣ್ಣ ಹೊಟ್ಟೆ ತುಂಬಿದ್ದರ ಗುರುತು, ತಿಳಿಬಣ್ಣ ಹೊಟ್ಟೆ ಹಸಿದದ್ದರ ಗುರುತು. ಸಾಕುವವನ ಜಾಣತನ ಇವೆರಡರ ನಡುವಿನ ಕಿರುದಾರಿಯಲ್ಲಿ ನಡೆಯುವುದರಲ್ಲಿದೆ.

ಈ ಬಣ್ಣದಿಂದ ವೈದ್ಯಶಾಸ್ತ್ರಕ್ಕೂ ಒಂದು ಲಾಭವಾಗಿದೆ. ಜೀವಕೋಶದೊಳಗೆ ಏನು ನಡೆಯುತ್ತಿದೆಯೆಂದು ನೋಡಲು ಬಳಸುವ ಕೆಂಪು ಹೊಳಪಿನ ಪ್ರೋಟೀನನ್ನು ಮಾಸ್ಕೋದ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದರು. ಅದು ಸಿಕ್ಕಿದ್ದು ಕಲ್ಲು ಹವಳದ ದಾಯಾದಿಯಾದ ಅಣಬೆ ಹವಳದಲ್ಲಿ. ಆ ಹವಳ ಬಂದದ್ದು ಯಾವ ಕಡಲ ಯಾತ್ರೆಯಿಂದಲೂ ಅಲ್ಲ, ಅಕ್ವೇರಿಯಂನಿಂದ!

ಬಣ್ಣವಿದ್ದಲ್ಲಿ ಬೆಲೆಯೂ ಹುಟ್ಟಿತು. ಅಮೆರಿಕದ ಮಾರುಕಟ್ಟೆಯಲ್ಲಿ ಹವಳದ ಒಂದೊಂದು ತಳಿಗೂ ಸಿನಿಮಾ ತಾರೆಯರಂಥ ಹೆಸರುಗಳಿವೆ. ‘ವಾಲ್ಟ್ ಡಿಸ್ನಿ’ ಒಂದು. ಇನ್ನೊಂದರ ಹೆಸರು ‘ಹೋಮ್‌ರೆಕರ್’, ಅಂದರೆ ನಮ್ಮ ಮಾತಿನಲ್ಲಿ ಮನೆಹಾಳ! ಅಂಗುಲದುದ್ದದ ತುಂಡಿಗೆ ನೂರಾರು ಡಾಲರ್ ತೆತ್ತವರಿದ್ದಾರೆಂದ ಮೇಲೆ ಹೆಸರು ತಪ್ಪೆನ್ನುವಂತಿಲ್ಲ. ತುಂಡಿನೊಂದಿಗೆ ಪೀಡೆಯೂ ಮನೆ ಹೊಕ್ಕಿತು. ಕೊಂಬೆ ಹವಳವನ್ನು ಮಾತ್ರ ತಿನ್ನುವ, ಅದರದೇ ಬಣ್ಣದ ಚಪ್ಪಟೆ ಹುಳುವೊಂದಕ್ಕೆ 2011ರಲ್ಲಿ ಶಾಸ್ತ್ರೀಯ ಹೆಸರು ಸಿಕ್ಕಿತು. ವಿಜ್ಞಾನಿಗಳಿಗೆ ಅದು ಸಿಕ್ಕಿದ್ದೂ ಅಕ್ವೇರಿಯಂಗಳಲ್ಲೇ. ಕಡಲಿನಲ್ಲಿ ಅದನ್ನು ಪತ್ತೆ ಮಾಡಿದ್ದು ಆಮೇಲೆ. ಔಷಧದಲ್ಲಿ ಅದ್ದಿದರೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಆದ್ದರಿಂದ ಹೊಸ ಹವಳಕ್ಕೆ ವಾರಗಟ್ಟಲೆ ಬೇರೆ ತೊಟ್ಟಿಯ ವಾಸ ಕಡ್ಡಾಯ.

ಈ ಹವ್ಯಾಸಕ್ಕೆ ಒಂದು ಕಪ್ಪು ಪುಟವೂ ಇದೆ. ತೊಟ್ಟಿಗಳಲ್ಲಿ ಬೆಳೆದ ತುಂಡುಗಳು ಸಾಕಷ್ಟು ಸಿಗುವ ಮುನ್ನ ಮಾರುಕಟ್ಟೆಗೆ ಬಂದದ್ದು ದಿಬ್ಬಗಳಿಂದ ಒಡೆದು ತಂದ ಹವಳ. ಈಗಲೂ ಕಡಲಿನದು ಪೂರ್ತಿ ನಿಂತಿಲ್ಲ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಭಾರತದಲ್ಲಿ ಕಾನೂನು ಇನ್ನೂ ಬಿಗಿ. ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಒಂದು ತುಂಡು ಮುರಿಯುವುದೂ ಅಪರಾಧ. ಶೋಕೇಸಿನ ಅಂದಕ್ಕೆಂದು ಸತ್ತ ಹವಳವನ್ನು ಚೀಲಕ್ಕೆ ಹಾಕಿಕೊಳ್ಳುವ ಪ್ರವಾಸಿಗರೂ ಇದನ್ನು ತಿಳಿದಿರುವುದು ಒಳ್ಳೆಯದು. ಬರ್ಲಿನ್‌ನಲ್ಲಿ ಗೆಳೆಯನ ಮನೆಗೆ ಒಯ್ದಂತೆ ಇಲ್ಲಿ ಹವಳದ ಟೊಂಗೆ ಒಯ್ಯುವಂತಿಲ್ಲ. ಕಾಯಿದೆ ಹವ್ಯಾಸಿಗೆ ಕಹಿಯಾದರೂ ದಿಬ್ಬಗಳ ಸ್ಥಿತಿ ನೋಡಿದರೆ ಅದನ್ನು ದೂರುವುದು ಕಷ್ಟ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಕಡಲಿನ ಬಿಸಿಗೆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಂಡವು.

ಮ್ಯೂಸಿಯಮ್ಮಿನ ಹುಣ್ಣಿಮೆ

ಕಡಲೇ ಹವಳಕ್ಕೆ ಒಗ್ಗದಂತಾಗುತ್ತಿರುವಾಗ ತೊಟ್ಟಿಯವರ ವಿದ್ಯೆಗೆ ಬೇರೊಂದು ಬೆಲೆ ಬಂದಿದೆ. ಫ್ಲಾರಿಡಾದ ಮೋಟ್ ಸಂಶೋಧನಾಲಯದಲ್ಲಿ ಡೇವಿಡ್ ವಾನ್ 2006ರಲ್ಲಿ ತೊಟ್ಟಿಯ ತಳಕ್ಕೆ ಅಂಟಿಕೊಂಡಿದ್ದ ಕಡವೆಕೊಂಬಿನ ಹವಳವನ್ನು ಎತ್ತಲು ಹೋದಾಗ ಅದು ಮುರಿಯಿತು. ಬೆರಳೆಣಿಕೆಯ ಪಾಲಿಪ್‌ಗಳು ತಳದಲ್ಲೇ ಉಳಿದವು. ಸತ್ತವೆಂದು ಬಿಟ್ಟಿದ್ದ ಅವು ಕೆಲವೇ ವಾರಗಳಲ್ಲಿ ನಾಣ್ಯದಗಲ ಬೆಳೆದಿದ್ದವು! ಗಾಯ ಮಾಯಿಸಿಕೊಳ್ಳುವ ಆತುರದಲ್ಲಿ ಸಣ್ಣ ಚೂರು ಹಲವು ಪಟ್ಟು ವೇಗವಾಗಿ ಹರಡುತ್ತದೆ. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯಲೂ ತಿಣುಕುವ ಗುಂಡು ಹವಳಗಳನ್ನು ಚೂರು ಮಾಡಿ ಒಂದೇ ಕಲ್ಲಿನ ಮೇಲೆ ನೆಟ್ಟರೆ ಅವು ಮತ್ತೆ ಒಂದನ್ನೊಂದು ಕೂಡಿಕೊಂಡು ಒಂದೇ ಹವಳವಾಗುತ್ತವೆ.

ತುಂಡು ನೆಡುವುದರಲ್ಲಿ ಒಂದು ಕೊರತೆಯಿದೆ. ಎಷ್ಟು ನೆಟ್ಟರೂ ಎಲ್ಲವೂ ಒಂದೇ ತಾಯಿಯ ಪ್ರತಿಗಳು. ತಾಯಿಯನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲುತ್ತದೆ. ಹೊಸ ರಕ್ತ ಬರಬೇಕಾದರೆ ಹವಳ ಬಸಿರಾಗಬೇಕು. ಕಡಲಿನಲ್ಲಿ ಹಲವು ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಒಟ್ಟಿಗೇ ಅಂಡ ಮತ್ತು ವೀರ್ಯದ ಗುಳಿಗೆಗಳನ್ನು ನೀರಿಗೆ ಬಿಡುತ್ತವೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರಾಗ್ಸ್ ತೊಟ್ಟಿಯೊಂದಕ್ಕೆ ದೂರದ ದಿಬ್ಬದ ಸೂರ್ಯಾಸ್ತ, ಚಂದ್ರೋದಯ, ಋತುಮಾನದ ಶಾಖಗಳನ್ನು ಕಂಪ್ಯೂಟರ್ ಹಿಡಿತದಲ್ಲಿ ಕೊಟ್ಟರು. 2013ರಲ್ಲಿ ಹವಳಗಳು ಅಂದಾಜಿಸಿದ ಕಾಲಕ್ಕೆ ಸರಿಯಾಗಿ ಗುಳಿಗೆ ಬಿಟ್ಟವು. ಚಹಾ ವ್ಯಾಪಾರಿಯೊಬ್ಬ ಕಟ್ಟಿಸಿದ ಆ ಮ್ಯೂಸಿಯಂನ ಹಿಂದಿನ ಕೋಣೆಗಳಲ್ಲಿ ಹುಣ್ಣಿಮೆ ಈಗ ಹೇಳಿದಾಗ ಬರುತ್ತದೆ. ಅದೇ ವಿದ್ಯೆಯಿಂದ ಫ್ಲಾರಿಡಾ ಅಕ್ವೇರಿಯಂನಲ್ಲಿ 2019ರ ಆಗಸ್ಟ್‌ನಲ್ಲಿ ಕಂಬ ಹವಳ ಸಂತಾನ ಕೊಟ್ಟಿತು. 2014ರಿಂದ ಹಬ್ಬಿದ ರೋಗಕ್ಕೆ ಅಲ್ಲಿನ ಕಡಲಿನಲ್ಲಿ ಆ ಜಾತಿ ಬಹುತೇಕ ಅಳಿದುಹೋಗಿದೆ. ಮುಂಚೆಯೇ ಎತ್ತಿ ತಂದ ಹವಳಗಳು ತೊಟ್ಟಿಗಳಲ್ಲಿ ಬದುಕಿವೆ.

2023ರ ಜುಲೈಯಲ್ಲಿ ಫ್ಲಾರಿಡಾದ ಮ್ಯಾನಟೀ ಕೊಲ್ಲಿಯ ನೀರಿನ ಶಾಖ 38 ಡಿಗ್ರಿ ದಾಟಿತು. ನಾವು ಸ್ನಾನಕ್ಕೆ ಹದಮಾಡಿಕೊಳ್ಳುವ ನೀರು ಅಷ್ಟು ಬಿಸಿ. ಕಡಲ ನರ್ಸರಿಗಳಲ್ಲಿ ನೇತುಹಾಕಿದ್ದ ಸಾವಿರಾರು ಹವಳದ ತುಂಡುಗಳನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸಿ ತಣ್ಣನೆಯ ತೊಟ್ಟಿಗಳಿಗೆ ಇಳಿಸಲಾಯಿತು. ದಿಬ್ಬದಲ್ಲೇ ಉಳಿದ ಕಡವೆಕೊಂಬಿನ ಹವಳಗಳಲ್ಲಿ ಬಹುಪಾಲು ಸತ್ತವು. ಆಮೇಲೆ ವಿಜ್ಞಾನಿಗಳು ಫ್ಲಾರಿಡಾಕ್ಕಿಂತ ಬಿಸಿಯಾದ ನೀರಿನಲ್ಲಿ ಬದುಕಿರುವ ಹೊಂಡುರಾಸ್ ದೇಶದ ಹವಳವನ್ನು ತಂದು ಫ್ಲಾರಿಡಾದ ಹವಳದೊಂದಿಗೆ ತೊಟ್ಟಿಯಲ್ಲಿ ಕೂಡಿಸಿದರು. ಹುಟ್ಟಿದ ಮಕ್ಕಳಿಗೆ ಎರಡೂ ಹೆಸರು ಸೇರಿಸಿ ‘ಫ್ಲಾಂಡುರನ್’ ಎಂದು ಕರೆದು, 2025ರ ಜುಲೈಯಲ್ಲಿ ಮಯಾಮಿಯ ಆಚೆಯ ದಿಬ್ಬದ ಮೇಲೆ ಸಿಮೆಂಟಿನ ಬಿಲ್ಲೆಗಳೊಂದಿಗೆ ನೆಟ್ಟು ಬಂದಿದ್ದಾರೆ.