ಮೇಲ್ ಹತ್ತಿದ ಶಾಸನ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಕಿರುಶಾಸನಗಳಿವೆ. 1932ರಲ್ಲಿ ಆರ್.ಎಲ್. ಟರ್ನರ್ ಇವುಗಳ ಪಾಠವನ್ನು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಶಾಸನದ ಪ್ರತಿ ಬೇಕೆಂದರೆ ಬಂಡೆಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಪಡಿಯಚ್ಚಿನ ಕೆಲಸ ಈಗಲೂ ನಿಂತಿಲ್ಲ. ಆದರೆ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಕಂಡವರು ಇಂದು ಮೊದಲು ಮಾಡುವುದು ಮೊಬೈಲಿನಲ್ಲಿ ಫೋಟೊ. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಮೈಸೂರಿನ ಶಾಸನತಜ್ಞರಿಗೆ ಮೇಲ್ ಮಾಡಿದರೆ ಅರ್ಧ ಕೆಲಸ ಆದಂತೆ.

ಮೇಲ್ ಬರೆಯುವ ಜಾಗದಲ್ಲಿ ಪೇಪರ್ ಕ್ಲಿಪ್ಪಿನ ಗುರುತಿರುತ್ತದಲ್ಲ, ಅದು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಫೋಟೊ ಪತ್ರಕ್ಕೆ ಅಂಟಿಕೊಂಡು ಹೋಗುವುದಿಲ್ಲ. ಪತ್ರದ ಒಳಗೇ ಅಕ್ಷರಗಳಾಗಿ ಸೇರಿಕೊಳ್ಳುತ್ತದೆ. 1982ರ ಇ-ಮೇಲ್ ನಿಯಮಗಳ ಪ್ರಕಾರ ಪತ್ರದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆಗಳಿಗಷ್ಟೇ ಜಾಗ, ತಲಾ 7 ಬಿಟ್. ಫೋಟೊದ ಒಂದೊಂದು ಬೈಟ್‌ಗೂ 8 ಬಿಟ್ ಬೇಕು. ಕನ್ನಡವೂ ಹಾಗೆ ಹೊರಗೇ ಉಳಿಯಿತು. ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ಪದ್ಧತಿ 1992ರಲ್ಲಿ ಬಂದು ಈ ಕಟ್ಟು ಬಿಡಿಸಿತು. ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೀನ್ ಹೀಗೆ ಕಳಿಸಿದ ಫೋಟೊದಲ್ಲಿ ಇದ್ದದ್ದು ಅವರೇ ಸೇರಿದ್ದ ಪುಟ್ಟ ಹಾಡುಗಾರರ ತಂಡ.

ಉಪಾಯ ಸರಳ. 3 ಬೈಟ್ ಎಂದರೆ 24 ಬಿಟ್. ಅದನ್ನು 6 ಬಿಟ್‌ನ ನಾಲ್ಕು ತುಂಡು ಮಾಡಿದರೆ ಪ್ರತಿ ತುಂಡಿಗೂ 64 ಸಾಧ್ಯತೆ. ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣವು 26, ಅಂಕಿ 10, ಜೊತೆಗೆ ಎರಡು ಚಿಹ್ನೆ: ಲೆಕ್ಕ ಸರಿಹೋಯಿತು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ನಮ್ಮ ‘ಕ’ 224, 178, 149 ಎಂಬ ಮೂರು ಬೈಟ್. ಈ ಪದ್ಧತಿಯಲ್ಲಿ ಅದು ‘4’, ‘ಎಲ್’, ‘ಕೆ’, ‘ವಿ’ ಎಂದಾಗುತ್ತದೆ. ‘ಕೊಪ್ಪಳ’ಕ್ಕೆ 18 ಬೈಟ್, ದಾರಿಯಲ್ಲಿ 24 ಅಕ್ಷರ. ತಲುಪಿದ ಕಡೆ ಇದನ್ನೇ ತಿರುಗಿಸಿದರೆ ಒಂದು ಬಿಟ್ಟೂ ಆಚೀಚೆ ಆಗದೆ ಮೂಲ ಕಡತ ಸಿಗುತ್ತದೆ.

ಇದರ ಬೆಲೆ ಗಾತ್ರ. ಮೂರಕ್ಕೆ ನಾಲ್ಕು, ಮೇಲೆ ಸಾಲು ಮುರಿಯುವ ಗುರುತುಗಳು. ಪತ್ರಕ್ಕೆ 10 ಎಂಬಿ ಮಿತಿ ಹಾಕಿಕೊಂಡ ಕಚೇರಿಯ ಸರ್ವರ್ 8 ಎಂಬಿಯ ಕಡತವನ್ನೂ ವಾಪಸ್ ಕಳಿಸುವುದು ಇದಕ್ಕೇ. ಜಿಮೇಲ್ ಆದರೆ 25 ಎಂಬಿ ದಾಟಿದ ಕಡತವನ್ನು ಡ್ರೈವ್‌ನಲ್ಲಿಟ್ಟು ಲಿಂಕ್ ಮಾತ್ರ ಕಳಿಸುತ್ತದೆ.

ಹಾಗಾದರೆ ವಾಟ್ಸ್ಆ್ಯಪ್ ಸಾಲದೆ? ಮದುವೆ ಫೋಟೊಗೆ ಸಾಕು, ಶಾಸನಕ್ಕೆ ಸಾಲದು. 4000 ಅಡ್ಡ, 3000 ಉದ್ದದ ಚುಕ್ಕೆಗಳ ಚಿತ್ರ ಹಾಗೇ ಇಟ್ಟರೆ 36 ಎಂಬಿ. ಜೆಪೆಗ್ ಅದನ್ನು 8×8 ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಏರಿಳಿತಗಳನ್ನು ಬಿಟ್ಟು, ಕೆಲವೇ ಎಂಬಿಗೆ ಇಳಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಚುಕ್ಕೆಗಳೂ ಕಡಿಮೆಯಾಗಿ ಇನ್ನೊಮ್ಮೆ ಇದೇ ನಡೆಯುತ್ತದೆ. ಸವೆದ ಕಲ್ಲಿನಲ್ಲಿ ಅದು ಗೆರೆಯೋ ಬಿರುಕೋ ಎಂದು ಹೇಳುವುದು ಆ ಸಣ್ಣ ಏರಿಳಿತಗಳೇ. ಮೇಲ್‌ನಲ್ಲಾದರೆ ಕ್ಯಾಮೆರಾ ಉಳಿಸಿಕೊಂಡಷ್ಟೂ ಹಾಗೇ ತಲುಪುತ್ತದೆ. ಗಾತ್ರ ಇಳಿಸಲು ಜಿಪ್ ಮಾಡುವವರಿದ್ದಾರೆ. ಜೆಪೆಗ್‌ಗೆ ಅದು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಂತೆ. ಅದರ ಬದಲು ಎರಡೆರಡೇ ಫೋಟೊ ಸೇರಿಸಿ ನಾಲ್ಕು ಮೇಲ್ ಕಳಿಸುವುದು ವಾಸಿ.

ಇನ್ನೊಂದು ಮಾತು. ಲೊಕೇಶನ್ ಆನ್ ಇದ್ದ ಮೊಬೈಲಿನ ಕ್ಯಾಮೆರಾ ಅಕ್ಷಾಂಶ, ರೇಖಾಂಶವನ್ನೂ ಫೋಟೊದ ಕಡತದೊಳಗೆ ಬರೆದಿರಬಹುದು. ಕಲ್ಲು ಹುಡುಕಿ ಬರುವ ಸಂಶೋಧಕರಿಗೆ ಅದು ವರ, ನಿಧಿ ಆಸೆಗೆ ಕಲ್ಲು ಕೀಳುವವರಿಗೂ ಅಷ್ಟೇ ವರ. ತಜ್ಞರಿಗೆ ಹಾಗೇ ಕಳಿಸಿ. ಊರಿಗೆಲ್ಲ ಹಂಚುವ ಪ್ರತಿಯಲ್ಲಾದರೆ, ವಿಂಡೋಸ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನ ‘ಡೀಟೇಲ್ಸ್’ ತೆರೆದು ಆ ವಿವರ ಅಳಿಸಬಹುದು.